ಶ್ರೀಶೈಲಕ್ಕೆ ಹೊರಡುವ ಮುನ್ನ ಪಾದ ತಯಾರಿದೆಯಾ?

ಯುಗಾದಿ ಹತ್ತಿರ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆದು ಹೊರಟವರ ಸಾಲು. ಹೆಗಲ ಮೇಲೆ ದೇವರ ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಬರಿಗಾಲಿನವರು. ಜಮಖಂಡಿ ಕಡೆಯಿಂದ ಹೊರಟರೆ ದಾರಿ 400 ಕಿ.ಮೀ. ದಾಟುತ್ತದೆ. ನಾನು ಫಿಸಿಯೋಥೆರಪಿಸ್ಟ್. ಹೊರಡುವ ಮುಂಚೆ ಬಂದವರು ಕೇಳುವುದು ಒಂದೇ: "ಅಷ್ಟು ದೂರಕ್ಕ ದಮ್ಮು ಸಾಲ್ತದೇನ್ರಿ?"

ದಮ್ಮಿನ ಚಿಂತೆ ಬಿಡಿ. ಹೊಲದಲ್ಲಿ ದುಡಿಯುವವರಿಗೆ ಅದು ಮೊದಲೇ ಇರುತ್ತದೆ. ಕುರ್ಚಿ ಕೆಲಸದವರಿಗೂ ಕೆಲವು ವಾರ ನಡೆದರೆ ಬರುತ್ತದೆ. ತಡವಾಗುವುದು ಪಾದದ ಚರ್ಮ ಮತ್ತು ಹಿಮ್ಮಡಿ ಮೇಲಿನ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ನಾರು) ಪಳಗುವುದು. ಅದಕ್ಕೇ ಶಿವರಾತ್ರಿ ಮುಗಿಸಿ ಶುರು ಮಾಡಿದರೆ ತಡವಾಯಿತು, ಸಂಕ್ರಾಂತಿಗೇ ಶುರು ಮಾಡಿ ಅನ್ನುತ್ತೇನೆ. ದಿನಕ್ಕೆ ನಾಲ್ಕೈದು ಕಿ.ಮೀ.ನಿಂದ ಆರಂಭಿಸಿ, ವಾರ ವಾರ ಸ್ವಲ್ಪ ಏರಿಸಿ. ಕೊನೆಗೆ ಒಂದು ಶನಿವಾರ, ಭಾನುವಾರ ಬೆನ್ನು ಬೆನ್ನಿಗೆ ದಿನಕ್ಕೆ 20 ಕಿ.ಮೀ. ನಡೆದು ನೋಡಿ. ಯಾತ್ರೆಯ ಕಷ್ಟ ಇರುವುದೇ ನಿನ್ನೆಯ ನೋವಿನ ಮೇಲೆ ಇವತ್ತು ನಡೆಯುವುದರಲ್ಲಿ, ಅಲ್ವಾ?

ಇನ್ನು ಬೊಕ್ಕೆ. ಬೆವರಿಗೆ ಚರ್ಮ ಕಾಲುಚೀಲಕ್ಕೆ ಅಂಟಿಕೊಳ್ಳುತ್ತದೆ, ಒಳಗಿನ ಎಲುಬು ಹಿಂದೆ ಮುಂದೆ ಜಗ್ಗುತ್ತದೆ. ಚರ್ಮದ ಪದರಗಳು ಬಿಟ್ಟುಕೊಂಡು ನಡುವೆ ನೀರು ತುಂಬುತ್ತದೆ. ಅದಕ್ಕೂ ಮೊದಲು ಆ ಜಾಗ ಉರಿಯುತ್ತದೆ. ಉರಿ ಶುರುವಾದ ಕೂಡಲೇ ನಿಲ್ಲಬೇಕು. ಬೂಟು ಬಿಚ್ಚಿ, ಪಾದ ಒಣಗಿಸಿ, ಪೇಪರ್ ಟೇಪ್ ಅಂಟಿಸಿ, ಒಣ ಕಾಲುಚೀಲ ಹಾಕಿಕೊಂಡರೆ ಐದು ನಿಮಿಷದ ಕೆಲಸ. ಆದರೆ ನಮ್ಮವರು "ಮುಂದಿನ ದಾಸೋಹದಾಗ ನೋಡೋಣು" ಅಂತ ನಡೀತಾರೆ. ಬೊಕ್ಕೆ ಏಳಲು ಅಷ್ಟು ದೂರವೇ ಸಾಕು. ಸಣ್ಣ ಬೊಕ್ಕೆಯಾದರೆ ಮುಟ್ಟಬೇಡಿ. ದೊಡ್ಡದಾಗಿ ಹೆಜ್ಜೆ ಇಡಲು ಆಗದಿದ್ದರೆ ಹೊಸ ಸ್ಟೆರೈಲ್ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಮಾತ್ರ ಕೀಳಬೇಡಿ.

ಯಾತ್ರೆಗೆಂದೇ ಹಿಂದಿನ ದಿನ ಹೊಸ ಬೂಟು ಕೊಳ್ಳುವುದು ಬೇಡ. ಬರಿಗಾಲಿನ ಹರಕೆ ಹೊತ್ತವರಿಗೆ ನಾನು ಬುದ್ಧಿ ಹೇಳುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದವರಿಗೆ ಖಡಾಖಂಡಿತ ಬೇಡ ಅನ್ನುತ್ತೇನೆ. ಮಧ್ಯಾಹ್ನದ ಡಾಂಬರು ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಆತ್ಮಕೂರು, ನಾಗಲೂಟಿ ದಾಟಿ ನಲ್ಲಮಲ ಕಾಡು ಹೊಕ್ಕ ಮೇಲೆ ಲೆಕ್ಕವೇ ಬೇರೆ. ಭೀಮನ ಕೊಳ್ಳಕ್ಕೆ ಇಳಿಯಬೇಕು, ಮತ್ತೆ ಕೈಲಾಸ ಬಾಗಿಲಿಗೆ ಮೆಟ್ಟಿಲು ಹತ್ತಬೇಕು. ಎಲ್ಲರೂ ಹತ್ತುವುದಕ್ಕೇ ಹೆದರುತ್ತಾರೆ. ಏದುಸಿರು ಬಂದರೆ ಕೂತು ಸುಧಾರಿಸಿಕೊಳ್ಳಬಹುದು. ಇಳಿಯುವಾಗ ಹಾಗಲ್ಲ. ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯುತ್ತದೆ, ಹಾಗಾಗಿ ಒಳಗೆ ಪೆಟ್ಟು ಜಾಸ್ತಿ. ನೋವು ಜೋರಾಗುವುದು ಮರುದಿನ, ಅದರ ಮರುದಿನ. ಬಯಲುಸೀಮೆಯ ಸಪಾಟು ರಸ್ತೆಯಲ್ಲಿ ಎಷ್ಟು ನಡೆದರೂ ಇದಕ್ಕೆ ತಯಾರಿ ಆಗುವುದಿಲ್ಲ. ಊರಲ್ಲಿ ಗುಡ್ಡ ಇದ್ದರೆ ವಾರಕ್ಕೆರಡು ಸಲ ಹತ್ತಿಳಿಯಿರಿ. ಇಲ್ಲದಿದ್ದರೆ ಮನೆಯ ಮೆಟ್ಟಿಲು ನಿಧಾನಕ್ಕೆ ಇಳಿಯಿರಿ. ಕೈಯಲ್ಲೊಂದು ಕೋಲಿರಲಿ, ಮಂಡಿಗೆ ಅದೇ ದೊಡ್ಡ ಸಹಾಯ.

ಸುಮ್ನೆ ಬರೀ ನೀರು ಕುಡಿಯುತ್ತಾ ಹೋಗಬೇಡಿ. ಬೆವರಿನ ಜತೆ ಉಪ್ಪೂ ಹೋಗುತ್ತದೆ. ದಾಸೋಹದ ಉಪ್ಪು ಹಾಕಿದ ಮಜ್ಜಿಗೆ ಬಿಡಬೇಡಿ. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ. ಟೀ ಚಮಚ, ತಲೆಸಮ. ಜೇಬಲ್ಲಿ ನೋವಿನ ಮಾತ್ರೆಯ ಪಟ್ಟಿ ಇಟ್ಟುಕೊಂಡು ಹೊತ್ತು ಹೊತ್ತಿಗೆ ನುಂಗುವವರೂ ಇದ್ದಾರೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥವು ಕಿಡ್ನಿಗೆ ಹೊಡೆತ ಕೊಡುತ್ತವೆ.

ದಾರಿಯಲ್ಲಿ ಎಣ್ಣೆ ಹಚ್ಚಿ ಕಾಲು ತಿಕ್ಕುವ ಪುಣ್ಯಾತ್ಮರು ಸಿಗುತ್ತಾರೆ. ದಣಿದ ಕಾಲಿಗೆ ಹಿತ, ತಿಕ್ಕಿಸಿಕೊಳ್ಳಿ. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಯಾರ ಕೈಗೂ ಕೊಡಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ವಾಪಸು ಬಸ್ಸಿನಲ್ಲಿ ತಾಸುಗಟ್ಟಲೆ ಕೂತು ಬಂದ ಮೇಲೂ ಹೀಗಾಗಬಹುದು. ಆಗ ನನ್ನ ಹತ್ತಿರ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.