ರೋಗಿಯ ಜೊತೆ ಪತ್ರವೂ ಹೋಗಲಿ

ರೋಗಿಗೆ ‘ಅವರನ್ನೊಮ್ಮೆ ನೋಡಿ ಬನ್ನಿ’ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಅದು ರೆಫರಲ್ (ಇನ್ನೊಬ್ಬ ಚಿಕಿತ್ಸಕರಿಗೆ ರೋಗಿಯನ್ನು ಒಪ್ಪಿಸುವ ಕ್ರಮ) ಅಲ್ಲ, ಸುಮ್ನೆ ವಿಳಾಸ ಕೊಟ್ಟಂತೆ. ಅಲೋಪತಿ ವೈದ್ಯರು ಮತ್ತು ಅಕ್ಯುಪಂಕ್ಚರ್, ಯೋಗ, ಗಿಡಮೂಲಿಕೆ ಚಿಕಿತ್ಸಕರ ನಡುವೆ ಹೆಚ್ಚಾಗಿ ನಡೆಯುವುದು ಇದೇ.

ನಾನು ಬರೆಯುವ ಪತ್ರ ಒಂದು ಪುಟ ದಾಟುವುದಿಲ್ಲ. ಕಾಯಿಲೆ ಏನು, ಯಾವ ಪರೀಕ್ಷೆ ಆಗಿದೆ, ನಿಮ್ಮಿಂದ ಏನು ಬೇಕು. ಈ ಕೊನೆಯದನ್ನೇ ಬಹಳ ಜನ ಬರೆಯುವುದಿಲ್ಲ. ‘ಬೆನ್ನುನೋವಿಗೆ ಚಿಕಿತ್ಸೆ ಕೊಡಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘6 ವಾರ ಯೋಗ ಮಾಡಿಸಿ, ನೋವಿನ ಮಾತ್ರೆ ಕಡಿಮೆ ಮಾಡಬಹುದಾ ನೋಡೋಣ’ ಎಂದರೆ ಇಬ್ಬರಿಗೂ ಗುರಿ ಒಂದೇ. ಯಾವಾಗ ವಾಪಸ್ ಕಳಿಸಬೇಕು ಅನ್ನುವುದೂ ಅಲ್ಲೇ ಇರಲಿ. ಕಾಲಿನ ಬಲ ಕುಗ್ಗಿದರೆ, ಮೂತ್ರ ಕಟ್ಟಿದರೆ, ತೊಡೆಸಂದು ಮರಗಟ್ಟಿದರೆ ಅದೇ ದಿನ ತುರ್ತು ಚಿಕಿತ್ಸೆಗೆ.

ರೋಗಿ ತೆಗೆದುಕೊಳ್ಳುವ ಮಾತ್ರೆ, ಮೂಲಿಕೆ ಎಲ್ಲದರ ಪಟ್ಟಿಯೂ ಪತ್ರದಲ್ಲಿರಬೇಕು ಅನ್ನುವ ವಿಷಯದಲ್ಲಿ ನನ್ನ ಹಟ ಸ್ವಲ್ಪ ಜಾಸ್ತಿ. ಮನಸ್ಸಿನ ಖಿನ್ನತೆಗೆ ಕೆಲವರು ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ತೆಗೆದುಕೊಳ್ಳುತ್ತಾರೆ. ಅದು ಲಿವರ್‌ನಲ್ಲಿ ಔಷಧಿ ಕರಗಿಸುವ ಕಿಣ್ವಗಳನ್ನು ಚುರುಕು ಮಾಡುತ್ತದೆ. ಆಗ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಕಸಿ ಮಾಡಿದ ಕಿಡ್ನಿ ಉಳಿಸುವ ಸೈಕ್ಲೋಸ್ಪೋರಿನ್, ಎಲ್ಲದರ ಬಲವೂ ಕುಗ್ಗುತ್ತದೆ. ಅತಿಮಧುರ ಹೆಚ್ಚು ದಿನ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ‘ನ್ಯಾಚುರಲ್ ಅಲ್ವಾ’ ಎಂದುಕೊಂಡು ರೋಗಿ ಇದನ್ನು ಹೇಳುವುದಿಲ್ಲ. ನಾವು ವೈದ್ಯರು ಕೇಳುವುದೂ ಕಡಿಮೆ.

ಕ್ಯಾನ್ಸರ್‌ಗೆ ಕೊಡುವ ಕೀಮೋಥೆರಪಿಯ ವಾಕರಿಕೆಗೆ ಔಷಧಿಯ ಜೊತೆ ಅಕ್ಯುಪಂಕ್ಚರ್ ನೆರವಾಗಬಹುದು. ಆದರೆ ಪ್ಲೇಟ್‌ಲೆಟ್ ಮತ್ತು ಬಿಳಿ ರಕ್ತಕಣ ಎಷ್ಟಿವೆ ಎಂದು ನೋಡದೆ ಸೂಜಿ ಚುಚ್ಚಬಾರದು. ಆ ರಿಪೋರ್ಟ್ ಒದಗಿಸುವುದು ಕಳಿಸಿದವರ ಕೆಲಸ, ರೋಗಿಯದಲ್ಲ.

ಯೋಗ, ಮೂಲಿಕೆ ಚಿಕಿತ್ಸಕರ ಕಡೆಯಿಂದ ಬಂದ ಪತ್ರಕ್ಕೆ ನಾವು ಉತ್ತರವನ್ನೇ ಬರೆಯುವುದಿಲ್ಲ ಅನ್ನುವ ದೂರು ನಿಜ. ಎರಡು ಸಾಲು ಸಾಕು: ನೋಡಿದೆ, ಇಂಥದ್ದು ಕಂಡಿತು, ನಿಮ್ಮ ಚಿಕಿತ್ಸೆ ಮುಂದುವರಿಸಬಹುದು ಅಥವಾ ಬೇಡ. ಇಷ್ಟು ಮಾಡಿದರೆ ಮುಂದಿನ ಸಲ ಅವರು ಅನುಮಾನದ ರೋಗಿಯನ್ನು ತಡಮಾಡದೆ ಕಳಿಸುತ್ತಾರೆ.

ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಅನ್ನುವ ಮಾತು ಬಂದರೆ ಅಲ್ಲೇ ನಿಲ್ಲಿಸಿ. ಮಾಹಿತಿ ಹಂಚಿಕೊಳ್ಳಲು ರೋಗಿಯ ಒಪ್ಪಿಗೆ ಪಡೆಯಿರಿ. ಪತ್ರದ ಕೊನೆಗೆ ನಾನು ಯಾವಾಗಲೂ ಒಂದು ಸಾಲು ಸೇರಿಸುತ್ತೇನೆ: ಇನ್ಸುಲಿನ್, ಮೂರ್ಛೆಯ ಮಾತ್ರೆ, ಸ್ಟೀರಾಯ್ಡ್, ಇವನ್ನು ಬರೆದುಕೊಟ್ಟವರನ್ನು ಕೇಳದೆ ಯಾರೂ ನಿಲ್ಲಿಸುವಂತಿಲ್ಲ.