ಬಾವಿ ಬತ್ತಿದರೂ ಗುಡ್ಡೆಯ ಸುರಂಗದಲ್ಲಿ ನೀರು ಬರುವುದು ಹೇಗೆ?

ಓದುಗರ ಪ್ರಶ್ನೆ: ಕಾಸರಗೋಡಿನ ಕಡೆ ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತರುತ್ತಾರಂತೆ. ಪಂಪೂ ಬೇಡ, ಕರೆಂಟೂ ಬೇಡ. ಏಪ್ರಿಲ್‌ನಲ್ಲಿ ಬಾವಿಯೇ ಬತ್ತಿರುವಾಗ ಗುಡ್ಡೆಯೊಳಗೆ ನೀರು ಎಲ್ಲಿಂದ ಬರುತ್ತದೆ?

ಬೇಸಿಗೆ ಬಂತೆಂದರೆ ಈ ಪ್ರಶ್ನೆಯೂ ಬಂದೇ ಬರುತ್ತದೆ. ಘಟ್ಟದ ಮೇಲಿನವರು ಕೇಳುತ್ತಾರೆ, ಬೆಂಗಳೂರಿನಿಂದ ಮದುವೆಗೆ ಬಂದವರು ಕೇಳುತ್ತಾರೆ. ಅಡುಗೆಮನೆಯ ನಲ್ಲಿ ತಿರುಗಿಸಿದಾಗ ತಣ್ಣನೆ ನೀರು ಬರುತ್ತದೆ. ಟ್ಯಾಂಕ್ ಎಲ್ಲಿದೆ ಎಂದು ಮಾಡಿನ ಕಡೆ ಕಣ್ಣು ಹಾಯಿಸುತ್ತಾರೆ. ಮಾಡಿನ ಮೇಲೆ ಏನೂ ಇರುವುದಿಲ್ಲ. ಹಿತ್ತಿಲಿನಿಂದ ಒಂದು ಪೈಪು ಕಂಗಿನ, ಅಂದರೆ ಅಡಿಕೆಯ, ತೋಟದ ಮೇಲೆ ಹತ್ತಿ ಗುಡ್ಡೆಯ ಹೊಟ್ಟೆಯೊಳಗೆ ಹೋಗಿರುತ್ತದೆ.

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸುರಂಗದಲ್ಲಿ ಬೇಸಿಗೆಗೆ ಬರುವುದು ಕಳೆದ ಮಳೆಗಾಲದ ನೀರೇ. ಜೂನ್, ಜುಲೈಯಲ್ಲಿ ಗುಡ್ಡೆಯ ತಲೆ ಮೇಲೆ ಬಿದ್ದ ಮಳೆ ಕಲ್ಲಿನೊಳಗೆ ಇಂಗಿ, ಮೆಲ್ಲಗೆ ಇಳಿಯುತ್ತಾ, ಮೇ ಕೊನೆಯ ಪತ್ತನಾಜೆ ಹತ್ತಿರ ಬಂದರೂ ಇನ್ನೂ ದಾರಿಯಲ್ಲೇ ಇರುತ್ತದೆ. ಸುರಂಗ ಅದಕ್ಕೆ ಹೊರಗೆ ಬರಲು ಒಂದು ಬಾಗಿಲು ಮಾಡಿಕೊಡುತ್ತದೆ.

ಆದರೆ ಯಾವ ಗುಡ್ಡೆಗೆ ಬೇಕಾದರೂ ಹೀಗೆ ಬಾಗಿಲು ಇಡಲು ಆಗುವುದಿಲ್ಲ. ಕರಿಕಲ್ಲಿನ ಗುಡ್ಡೆಯಲ್ಲಿ ಪಿಕಾಸಿ ಇಳಿಯುವುದಿಲ್ಲ. ಬರೀ ಮಣ್ಣಿನ ಗುಡ್ಡೆ ಕುಸಿದು ಬೀಳುತ್ತದೆ. ನಮ್ಮಲ್ಲಿ ಇರುವುದು ಮುರಕಲ್ಲು. ಇಡೀ ಕಥೆ ನಿಂತಿರುವುದು ಈ ಕಲ್ಲಿನ ಮೇಲೆ.

ಆಗಷ್ಟೇ ಕಡಿದ ಮುರಕಲ್ಲನ್ನು ಹತ್ತಿರದಿಂದ ನೋಡಿ. ಕೆಂಪು, ಹಳದಿ, ನಡುನಡುವೆ ಬಿಳಿ ಜೇಡಿಯ ಗೆರೆ. ಹುಳ ತಿಂದ ಮರದ ಹಾಗೆ ಮೈತುಂಬ ತೂತು. ಒಂದು ಚೊಂಬು ನೀರು ಹೊಯ್ದರೆ ನೋಡನೋಡುತ್ತ ಒಳಗೆ ಹೋಗುತ್ತದೆ. ನೆಲದೊಳಗೆ ಒದ್ದೆಯಾಗಿರುವಾಗ ಇದು ಮೆತ್ತಗೆ, ಕತ್ತಿ ಏಟಿಗೂ ಸಿಗುವಷ್ಟು. ಹೊರಗೆ ತಂದು ಗಾಳಿಗೆ ಒಣಗಲು ಬಿಟ್ಟರೆ ಒಳಗಿನ ಕಬ್ಬಿಣದ ಆಕ್ಸೈಡ್ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಮಳೆಯಲ್ಲಿ ನೆನೆದರೂ ಮತ್ತೆ ಮೆತ್ತಗಾಗುವುದಿಲ್ಲ. ನಮ್ಮ ಹಳೆ ಮನೆಗಳ ಗೋಡೆ, ಆವರಣ, ಬಾವಿಕಟ್ಟೆ ಎಲ್ಲ ಇದರದ್ದೇ. ಬೇಕಲ ಕೋಟೆಯ ಗೋಡೆಯೂ ಇದೇ ಕಲ್ಲು.

ಕನ್ನಡದಲ್ಲಿ ಇದಕ್ಕೆ ಜಂಬಿಟ್ಟಿಗೆ ಅಂತಲೂ ಹೆಸರು ಉಂಟು. ಪದದೊಳಗೆ ಇಟ್ಟಿಗೆ ಕೂತಿದೆ, ಅಲ್ವಾ? 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನಿಗೂ ಈ ಕಲ್ಲು ನೋಡಿ ಇಟ್ಟಿಗೆಯೇ ನೆನಪಾಯಿತು. 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಬರಹದಲ್ಲಿ ಇದನ್ನು ಲ್ಯಾಟರೈಟ್ ಎಂದು ಕರೆದ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ಇವತ್ತು ಆಫ್ರಿಕಾದಲ್ಲಾಗಲಿ, ಬ್ರೆಜಿಲ್‌ನಲ್ಲಾಗಲಿ ಭೂವಿಜ್ಞಾನಿಗಳು ಬಳಸುವ ಈ ಪದ ಹುಟ್ಟಿದ್ದು ನಮ್ಮ ಪಕ್ಕದಲ್ಲೇ. ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಅದರ ನೆನಪಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ ಇದೆ. ಅಂಗಳದಲ್ಲಿ ಸುಮ್ನೆ ಬಿದ್ದಿರುವ ಕಲ್ಲಿಗೆ ಇಷ್ಟು ದೊಡ್ಡ ಚರಿತ್ರೆ ಇದೆ ಎಂದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಈಗ ನೀರಿಗೆ ಬರೋಣ. ನಮ್ಮಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಗುಡ್ಡೆಗಳು ಕಡಿದಾಗಿವೆ, ಕಡಲು ಹತ್ತಿರ. ತೋಡಿಗೆ ಬಿದ್ದ ನೀರು ಹೊಳೆ ಸೇರಿ ಬೇಗ ಉಪ್ಪಾಗುತ್ತದೆ. ಜಿಲ್ಲೆಯಲ್ಲಿ ಹನ್ನೆರಡು ಹೊಳೆ ಇದ್ದರೂ ಮಾರ್ಚ್‌ನಲ್ಲಿ ಕೊಡ ಹಿಡಿದು ನಡೆಯುವ ಮನೆಗಳು ಇರುವುದು ಇದಕ್ಕೇ. ಆದರೆ ಅದೇ ಮಳೆಯ ಒಂದು ಪಾಲು ಮುರಕಲ್ಲಿನ ತೂತುಗಳಲ್ಲಿ ಕೆಳಗಿಳಿಯುತ್ತದೆ. ಮುರಕಲ್ಲಿನ ಪದರದ ಅಡಿಯಲ್ಲಿ ನುಣುಪಾದ ಜೇಡಿಮಣ್ಣು, ಅದರಡಿ ಗಟ್ಟಿ ಬಂಡೆ. ಜೇಡಿ ನೀರನ್ನು ಸುಲಭದಲ್ಲಿ ಕೆಳಗೆ ಬಿಡುವುದಿಲ್ಲ. ಇಳಿದ ನೀರು ಅದರ ಮೇಲೆ ನಿಂತು, ಗುಡ್ಡೆಯ ಇಳಿಜಾರು ಹಿಡಿದು ಪಕ್ಕಕ್ಕೆ ಸರಿಯುತ್ತದೆ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಗುಡ್ಡೆಯ ಬುಡದಲ್ಲಿ ಅಲ್ಲಲ್ಲಿ ಒರತೆ ಒಡೆಯುವುದು ಈ ನೀರೇ.

ಬಾವಿ ಈ ನೀರನ್ನು ಒಂದು ಜಾಗದಲ್ಲಿ ಮಾತ್ರ ಹಿಡಿಯುತ್ತದೆ. ನೀರಿನ ಮಟ್ಟ ಬಾವಿಯ ತಳಕ್ಕಿಂತ ಕೆಳಗೆ ಹೋಯಿತೋ, ಮುಗಿಯಿತು. ಸುರಂಗ ಗುಡ್ಡೆಯೊಳಗೆ ಉದ್ದಕ್ಕೆ ಹೋಗುತ್ತದೆ. ಹೋದಷ್ಟೂ ಅದರ ಮೇಲಿರುವ ಗುಡ್ಡೆಯ ದಪ್ಪ ಜಾಸ್ತಿ, ಅಲ್ಲಿ ಉಳಿದಿರುವ ನೀರೂ ಜಾಸ್ತಿ. ಉದ್ದಕ್ಕೂ ಗೋಡೆಯಿಂದ, ಮಾಡಿನಿಂದ ಹನಿ ಹನಿಯಾಗಿ ಬಂದದ್ದೆಲ್ಲ ನೆಲದಲ್ಲಿ ಒಂದು ಕಾಲುವೆಯಾಗುತ್ತದೆ. ಕೊರೆಯುವಾಗಲೇ ಒಳಕ್ಕೆ ಹೋದಂತೆ ನೆಲವನ್ನು ಸ್ವಲ್ಪ ಸ್ವಲ್ಪ ಏರಿಸಿರುತ್ತಾರೆ. ಹಾಗಾಗಿ ನೀರು ತಾನಾಗಿ ಬಾಯಿಗೆ ಹರಿದು ಬರುತ್ತದೆ. ಪಂಪು ಬೇಡದಿರುವುದರ ಗುಟ್ಟು ಇದು.

ನಮ್ಮ ತೋಟದ ಮೇಲಿನ ಸುರಂಗಕ್ಕೆ ನಾನು ಮೊದಲು ಹೋದದ್ದು ಒಂದು ಮೇ ತಿಂಗಳಲ್ಲಿ. ಹೊರಗೆ ಮೈಯೆಲ್ಲ ಬೆವರು. ಬಾಯಿ ದಾಟಿ ನಾಲ್ಕು ಹೆಜ್ಜೆ ಇಟ್ಟದ್ದೇ ಚಳಿ ಹಿಡಿಯಿತು. ಎರಡೂ ಭುಜ ಗೋಡೆಗೆ ತಾಗುತ್ತಿತ್ತು. ತಲೆ ತಗ್ಗಿಸಬೇಕು, ಪಾದ ಮುಳುಗುವಷ್ಟು ನೀರು. ಟಾರ್ಚ್ ಬೆಳಕಿಗೆ ಬಾವಲಿಗಳು ಕಿವಿಯ ಪಕ್ಕದಲ್ಲೇ ಹಾದು ಹೋದವು. ಗೋಡೆಯ ಮೇಲೆ ಪಿಕಾಸಿಯ ಏಟಿನ ಗುರುತು ಸಾಲುಸಾಲಾಗಿ ಹಾಗೇ ಉಳಿದಿತ್ತು. ಒಂದೊಂದು ಏಟೂ ಬೇರೆಬೇರೆಯಾಗಿ ಕಾಣುತ್ತಿತ್ತು. ಸಿಮೆಂಟ್ ಇಲ್ಲ, ಕಂಬ ಇಲ್ಲ. ಕಡಿಯುವಾಗ ಮೆತ್ತಗಿದ್ದ ಗೋಡೆ ಗಾಳಿ ತಾಗಿ ತಾನೇ ಗಟ್ಟಿಯಾಗಿ ನಿಂತಿದೆ.

ಆ ದಿನ ಪೈಪಿನ ಬಾಯಿಯಲ್ಲಿ ಬರುತ್ತಿದ್ದದ್ದು ಕಿರುಬೆರಳಿಗಿಂತ ಸಪೂರದ ಧಾರೆ. ಇಷ್ಟರಲ್ಲಿ ಏನಾಗುತ್ತದೆ ಎಂದು ನನಗೂ ಅನಿಸಿತ್ತು. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಒಂದೇ ಲೀಟರ್ ಬಂದರೂ ದಿನಕ್ಕೆ 1440 ಲೀಟರ್. ನಾವು ಮಲಗಿರುವಾಗಲೂ ಅದು ಬರುತ್ತಲೇ ಇರುತ್ತದೆ. ಬಾಯಿಯ ಎದುರು ಒಂದು ಮಣ್ಣಿನ ಕೆರೆಯೋ ಟ್ಯಾಂಕೋ ಕಟ್ಟಿ ನೀರು ನಿಲ್ಲಿಸುತ್ತಾರೆ. ತುಂಬಿದ ಮೇಲೆ ತೂಬು ತೆಗೆದು ತೋಟಕ್ಕೆ ಬಿಡುತ್ತಾರೆ. ಹಿಂದೆ ನೀರು ಹಾಯಿಸಲು ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆ ಇರುತ್ತಿತ್ತು. ಈಗ ಪಿವಿಸಿ ಪೈಪು.

ಸುರಂಗದ ಅಗಲ ಸಾಮಾನ್ಯವಾಗಿ 45ರಿಂದ 70 ಸೆಂಟಿಮೀಟರ್, ಎತ್ತರ ಒಬ್ಬ ಆಳು ನಿಲ್ಲುವಷ್ಟು. ಉದ್ದ ಮಾತ್ರ ಗುಡ್ಡೆಯ ಮರ್ಜಿ. ಕೆಲವು ಐದಾರು ಮೀಟರಿಗೇ ನೀರು ಕೊಡುತ್ತವೆ, ಕೆಲವು 300 ಮೀಟರ್‌ವರೆಗೂ ಹೋಗಿವೆ. ಹಳಬರು ಅಳೆಯುವುದು ಕೋಲಿನ ಲೆಕ್ಕದಲ್ಲಿ. ಒಂದು ಕೋಲು ಅಂದರೆ ಹತ್ತಿರಹತ್ತಿರ ಎರಡೂವರೆ ಅಡಿ. ಒಬ್ಬ ಒಳಗೆ ಕೂತು ಗಿಡ್ಡ ಹಿಡಿಯ ಪಿಕಾಸಿಯಿಂದ ಕಡಿಯುತ್ತಾನೆ, ಇನ್ನೊಬ್ಬ ಬುಟ್ಟಿಯಲ್ಲಿ ಮಣ್ಣು ಹೊರಗೆ ಹಾಕುತ್ತಾನೆ. ಪಕ್ಕದಲ್ಲಿ ಒಂದು ಮೊಂಬತ್ತಿ ಉರಿಯುತ್ತಿರಬೇಕು. ಅದು ಬೆಳಕಿಗೂ ಹೌದು, ಜೀವಕ್ಕೂ ಹೌದು. ಮೊಂಬತ್ತಿ ಮಂಕಾಗಿ ಆರಿತು ಅಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ಕೂಡಲೇ ಹೊರಗೆ ಬರಬೇಕು. ಉದ್ದದ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ಇಳಿಸುವುದು ಈ ಕಾರಣಕ್ಕೆ.

ಎಲ್ಲಿ ಕೊರೆಯಬೇಕು ಎನ್ನುವುದು ಅನುಭವದ ಮಾತು. ಬೇಸಿಗೆಯಲ್ಲೂ ಹಸಿರಾಗಿರುವ ಮರ, ಇಳಿಜಾರಿನ ತಗ್ಗು, ಹುತ್ತ ಇವೆಲ್ಲ ಗುರುತು. ಹುತ್ತ ನೋಡಿ ನೀರು ಹೇಳುವುದು ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಇದಕ್ಕೇ ಒಂದು ಅಧ್ಯಾಯ ಉಂಟು. ಗೆದ್ದಲಿಗೆ ತೇವ ಬೇಕೇ ಬೇಕು, ಹಾಗಾಗಿ ಈ ಗುರುತಿನಲ್ಲಿ ಅರ್ಥ ಇದೆ. ಆದರೂ ಗ್ಯಾರಂಟಿ ಇಲ್ಲ. ಗಡಿಯಾಚೆ ದಕ್ಷಿಣ ಕನ್ನಡದ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದವರು. ದಿನದ ಕೂಲಿ ಕೆಲಸ ಮುಗಿಸಿ ಬಂದು ಕೊರೆಯುತ್ತಿದ್ದರು. ಒಂದರ ಹಿಂದೊಂದು ಸುರಂಗದಲ್ಲಿ ನೀರು ಸಿಗಲಿಲ್ಲ. ಅವರು ಬಿಡಲಿಲ್ಲ, ಕೊನೆಗೆ ನೀರು ಸಿಕ್ಕಿತು. ಅಲ್ಲಿ ಅಡಿಕೆ ತೋಟ ಎದ್ದಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಿಕಾಸಿ ಹಿಡಿದ ಕೈಗೆ ಸಿಕ್ಕ ಆ ಗೌರವ ಸುರಂಗ ಕೊರೆದ ಎಲ್ಲರಿಗೂ ಸಂದದ್ದು ಎಂದೇ ನಾನು ತಿಳಿದಿದ್ದೇನೆ.

‘ಇದು ಇರಾನಿನಿಂದ ಬಂದದ್ದಾ?’ ಎಂದೂ ತುಂಬಾ ಜನ ಕೇಳುತ್ತಾರೆ. ಇರಾನಿನ ಖನಾತ್‌ಗಳೂ ನೆಲದೊಳಗಿನ ಸುರಂಗಗಳೇ. ಅವು 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಅದೇ ಜಾತಿಯದು. ಅಲ್ಲಿ ಗುಡ್ಡದ ತಪ್ಪಲಲ್ಲಿ ಒಂದು ತಾಯಿಬಾವಿ, ಅಲ್ಲಿಂದ ಸಾಲಾಗಿ ಬಾವಿಗಳು, ಅಡಿಯಲ್ಲಿ ಕಿಲೋಮೀಟರ್‌ಗಟ್ಟಲೆ ಕಾಲುವೆ. ಅದು ಊರಿಗೆ, ಕೋಟೆಗೆ ನೀರು ಕೊಡಲು ಅರಸರು ಮಾಡಿಸಿದ ಕೆಲಸ. ನಮ್ಮ ಸುರಂಗಕ್ಕೆ ತಾಯಿಬಾವಿ ಇಲ್ಲ. ಒಂದು ಮನೆ, ಒಂದು ತೋಟ, ಎರಡು ಆಳು, ಒಂದೆರಡು ಬೇಸಿಗೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಕುಂಬಡಾಜೆ ಕಡೆ ಹೋದರೆ ಒಂದೇ ಮನೆಗೆ ನಾಲ್ಕೈದು ಸುರಂಗ ಇರುವುದೂ ಉಂಟು. ಜಿಲ್ಲೆಯಲ್ಲಿ ಒಟ್ಟು ಸಾವಿರಾರು.

ಇನ್ನೊಂದು ಮಾತು ಹೇಳದೆ ಇರಲಾರೆ. ಗುಡ್ಡೆಯ ತಲೆ ಮೇಲೆ ಏನು ಬೀಳುತ್ತದೋ ಅದೇ ಸುರಂಗದ ಬಾಯಿಗೆ ಬರುತ್ತದೆ. ಎಣ್ಮಕಜೆಯ ಪಡ್ರೆ ಭಾಗದ ಗೇರು ಗುಡ್ಡೆಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದು ನಿಂತದ್ದು 2000ದ ಕೊನೆಗೆ. ಕೆಳಗಿನ ಮನೆಗಳವರು ಕುಡಿಯುತ್ತಿದ್ದದ್ದು ಅದೇ ಗುಡ್ಡೆಯ ನೀರು. ತೋಡಿನಲ್ಲೂ ಸುರಂಗದಲ್ಲೂ ಹರಿಯುವ ಆ ನೀರನ್ನು ನಂಬಿದ ಮಕ್ಕಳು ಪಟ್ಟ ಪಾಡನ್ನು ನೋಡಿದವರಿಗೆ ಈ ಕಲ್ಲಿನ ತೂತುಗಳು ಸಣ್ಣ ವಿಷಯ ಅನಿಸುವುದಿಲ್ಲ.

ಈಗಿನ ಪೆಟ್ಟು ಬೇರೆ ಥರದ್ದು. ಮನೆ ಕಟ್ಟಲು ಮುರಕಲ್ಲು ಬೇಕು, ಅದಕ್ಕೆ ಗುಡ್ಡೆಯ ತಲೆಯನ್ನೇ ಮಷಿನ್ ಇಟ್ಟು ಕೊಯ್ಯುತ್ತಿದ್ದಾರೆ. ಕೋರೆ ಆದಲ್ಲಿ ನೀರು ಹೀರುವ ಪದರವೇ ಹೋಯಿತು. ಕೆಳಗಿನ ಬಂಡೆಗೆ ಬೋರ್‌ವೆಲ್ ಇಳಿಸಿದಲ್ಲಿ ಮೇಲಿನ ನೀರೂ ಆ ತೂತು ಹಿಡಿದು ಕೆಳಗೆ ಹೋಗಬಹುದು. ಮೇ ತಿಂಗಳಿಡೀ ಬರುತ್ತಿದ್ದ ಸುರಂಗ ಮಾರ್ಚ್‌ಗೇ ನಿಂತಿತು ಎನ್ನುವ ಮನೆಗಳು ನಮ್ಮ ಬೈಲಿನಲ್ಲೇ ಎರಡಿವೆ. ಗುಡ್ಡೆಯ ಮೇಲೆ ಇಂಗುಗುಂಡಿ ತೋಡಿ, ಮರ ಉಳಿಸಿಕೊಂಡ ಕಡೆ ನೀರು ಇನ್ನೂ ತಡೆಯುತ್ತದೆ.

ಸುರಂಗ ನೋಡಲು ಬರುವವರು ಜನವರಿ, ಫೆಬ್ರವರಿಯಲ್ಲಿ ಬನ್ನಿ. ಮಳೆಗಾಲದಲ್ಲಿ ಒಳಗೆ ಹೋಗುವುದೇ ಬೇಡ. ಜೇಡಿ ಸಿಕ್ಕಿದ ಜಾಗದಲ್ಲಿ ಮಾಡು ಜಾರಬಹುದು, ಹಾವೂ ಇರಬಹುದು. ಮನೆಯವರನ್ನು ಕೇಳದೆ ಬೇಸಿಗೆಯಲ್ಲೂ ಹೋಗಬೇಡಿ. ಬಾಯಿಯಲ್ಲೇ ನಿಂತು ಟಾರ್ಚ್ ಹಾಕಿದರೂ ಪಿಕಾಸಿಯ ಗುರುತುಗಳು ಕಾಣುತ್ತವೆ. ನೀರು ಕುಡಿಯುವ ಮನಸ್ಸಾದರೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ. ಅಲ್ಲಿಗೂ ಬರುವುದು ಅದೇ ನೀರು.