ಹೋದ ಕರೆಂಟು ವಾಪಸ್ ಬರಬೇಕಲ್ವಾ?

"ಬ್ಯಾಟರಿ ಹೊಸದು ಹಾಕ್ಸಿದೀನಿ. ಸೆಲ್ಫ್ ಮೋಟಾರ್ ಬಿಚ್ಚಿ ರಿಪೇರಿ ಮಾಡ್ಸಿದೀನಿ. ಡೈನಮೋನೂ ತೋರಿಸಿದ್ದಾಯ್ತು. ಆದ್ರೂ ಒಂದೊಂದ್ಸಲ ಸ್ಟಾರ್ಟೇ ಆಗಲ್ಲ." ಹಳೇ ಗಾಡಿ ತರುವವರು ಮಾತು ಶುರು ಮಾಡುವುದೇ ಹೀಗೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಆಲ್ದೂರು, ಮೂಡಿಗೆರೆ, ಮಲ್ಲಂದೂರು ಕಡೆಯಿಂದ ಇಂಥ ಗಾಡಿಗಳು ಚಿಕ್ಕಮಗಳೂರಿನ ನಮ್ಮ ಶೆಡ್ಡಿಗೆ ಒಂದರ ಹಿಂದೊಂದು ಬರುತ್ತವೆ. ಅರ್ಥಿಂಗ್, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಬರುವ ದಾರಿ, ನೋಡಿಸಿದ್ರಾ ಅಂತ ಕೇಳಿದರೆ, "ಬ್ಯಾಟರಿ ಕರಿ ವೈರು ತಾನೇ? ಅದು ಗಟ್ಟಿಯಾಗೇ ಇದೆ" ಅನ್ನುತ್ತಾರೆ.

ಗಟ್ಟಿಯಾಗಿ ಕೂತಿರುವುದು ಬೇರೆ, ಕರೆಂಟು ದಾಟುವುದು ಬೇರೆ. ಇದನ್ನು ದಿನಾ ಹೇಳುತ್ತೇನೆ. ಕೇಳಿದವರು ತಲೆಯಾಡಿಸುತ್ತಾರೆ, ಮುಂದಿನ ಸಲ ಮತ್ತೊಂದು ಹೊಸ ಬ್ಯಾಟರಿ ಹಾಕಿಸಿಕೊಂಡೇ ಬರುತ್ತಾರೆ. ಅದಕ್ಕೇ ಈ ಸಲ ಇದೊಂದನ್ನೇ ಬರೆದುಬಿಡೋಣ ಅನ್ನಿಸಿತು.

ಬಲ್ಬಿಗೆ ಕರೆಂಟು ಹೋಗುವ ದಾರಿ ಎಲ್ಲರಿಗೂ ಗೊತ್ತು. ಬ್ಯಾಟರಿ, ಫ್ಯೂಸು, ಸ್ವಿಚ್ಚು, ವೈರು, ಬಲ್ಬು. ಅಲ್ಲಿಂದ ಮುಂದೆ? ಅದು ಬ್ಯಾಟರಿಯ ಮೈನಸ್‌ಗೆ ವಾಪಸ್ ಬರಲೇಬೇಕು. ಆ ದಾರಿಯ ಉದ್ದಕ್ಕೂ ವೈರಿಲ್ಲ. ಬಲ್ಬಿನ ಹತ್ತಿರ ಒಂದು ಚಿಕ್ಕ ವೈರನ್ನು ಗಾಡಿಯ ತಗಡಿಗೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಅಲ್ಲಿಂದ ಆ ತಗಡೇ ವೈರು. ತಗಡಿನಿಂದ ಬ್ಯಾಟರಿಗೆ ಒಂದು ಕೇಬಲ್. ಇಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ರಬ್ಬರಿನಲ್ಲಿ ಕರೆಂಟು ಹರಿಯಲ್ಲ. ಹಾಗಾಗಿ ಇಂಜಿನ್ನಿಗೆ ಬೇರೆಯೇ ಒಂದು ದಪ್ಪ ಕೇಬಲ್ಲೋ, ಹೆಣೆದ ತಾಮ್ರದ ಪಟ್ಟಿಯೋ ಇರುತ್ತದೆ. ಒಟ್ಟಿನಲ್ಲಿ ಅರ್ಧ ಸರ್ಕ್ಯೂಟು ಅಂದರೆ ಬರೀ ತಗಡು, ಬೋಲ್ಟು, ವಾಷರು. ಅದೂ ಇಪ್ಪತ್ತು ವರ್ಷ ಮಲೆನಾಡಿನ ಮಳೆ ಕುಡಿದದ್ದು. ತಗಡಿಗೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು.

ರಜೆ ದಿನ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿದ್ದೀರಾ? ಇಳಿಯುವ ಗಾಡಿಗಳು ಒಂದು ತಿರುವಿನಲ್ಲಿ ಸಿಕ್ಕಿಕೊಂಡರೆ ಹತ್ತುವವೂ ನಿಂತಲ್ಲೇ ನಿಲ್ಲುತ್ತವೆ. ಆಗ ಹತ್ತುವ ಕಾರಿಗೆ ಹೊಸ ಇಂಜಿನ್ ಹಾಕಿದರೆ ಏನು ಬಂತು? ಬ್ಯಾಟರಿ ಬದಲಾಯಿಸುವುದೂ ಅಷ್ಟೇ.

ಈಗಿನ ಹುಡುಗರು ಬುದ್ಧಿವಂತರು, ಮನೆಯಲ್ಲೇ ಮಲ್ಟಿಮೀಟರ್ ಇಟ್ಟುಕೊಂಡಿರುತ್ತಾರೆ. "ಚೆಕ್ ಮಾಡ್ದೆ ಅಂಕಲ್, ಬೀಪ್ ಬಂತು. ಅರ್ಥಿಂಗ್ ಓಕೆ." ದಾರಿ ತಪ್ಪಿಸುವುದೇ ಈ ಬೀಪು. ಎಷ್ಟೋ ಮೀಟರುಗಳು ದಾರಿಯಲ್ಲಿ 30 ಓಮ್ ತಡೆ ಇದ್ದರೂ ಕೂಗುತ್ತವೆ. ಕೂಗಲು ಅವು ಕಳಿಸುವ ಕರೆಂಟು ತೀರಾ ಸಣ್ಣದು. ಕೇಬಲ್ಲಿನ ಎಲ್ಲಾ ಎಳೆ ತುಂಡಾಗಿ ಒಂದೇ ಒಂದು ಉಳಿದಿದ್ದರೂ ಬೀಪ್ ಬರುತ್ತದೆ. ಆ ಒಂದು ಎಳೆಯ ಮೇಲೆ ಸೆಲ್ಫ್ ಹೊಡೆಯುತ್ತೀರಾ?

ಲೆಕ್ಕ ನೋಡಿ. ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ 0.1 ಓಮ್ ತಡೆ ಇದೆ ಅಂದುಕೊಳ್ಳಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದರೇ ಅದಕ್ಕಿಂತ ಜಾಸ್ತಿ ತೋರಿಸುವುದುಂಟು, ಹಾಗಾಗಿ ಓಮ್ ಅಳೆದರೆ ಇದು ಸಿಗುವುದೇ ಇಲ್ಲ. 60 ವಾಟಿನ ಹೆಡ್‌ಲೈಟ್ ಬಲ್ಬು ಸುಮಾರು 5 ಆಂಪಿಯರ್ ಎಳೆಯುತ್ತದೆ. ಆ ಬೋಲ್ಟಿನಲ್ಲಿ ಅರ್ಧ ವೋಲ್ಟ್ ಹೋಯಿತು. ಬೆಳಕು ಸ್ವಲ್ಪ ಮಂಕು, ನಿಮಗೆ ಗೊತ್ತೂ ಆಗಲ್ಲ. ಆದರೆ ಸೆಲ್ಫ್ ಮೋಟಾರಿಗೆ ಬೇಕಿರುವುದು ನೂರು, ನೂರೈವತ್ತು ಆಂಪಿಯರ್. 150 ಆಂಪಿಯರ್ ಆ ಬೋಲ್ಟು ದಾಟಬೇಕಾದರೆ ಅದೊಂದಕ್ಕೇ 15 ವೋಲ್ಟ್ ಬೇಕು. ಬ್ಯಾಟರಿಯಲ್ಲಿ ಫುಲ್ ಚಾರ್ಜ್ ಇದ್ದರೂ ಇರುವುದು 12.6. ಟಕ್ ಅಂತ ಒಂದು ಶಬ್ದ ಬಂದು ಗಾಡಿ ಸುಮ್ಮನಾಗುತ್ತದೆ. ನೀವು ಬ್ಯಾಟರಿಯನ್ನು ಬೈಯುತ್ತೀರಿ.

ಹಾಗಾಗಿ ಕೆಲಸ ಮಾಡಿಸುತ್ತಲೇ ಅಳೆಯಬೇಕು. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ. ಕರಿ ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಇಡಿ. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೆ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆಯೇ ತೊಂದರೆ ಇರಬಹುದು. ಕೆಂಪು ಕಡ್ಡಿ ಇಂಜಿನ್ನಿನ ಬೋಳು ಲೋಹಕ್ಕೆ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಆಗ ಮೀಟರು 0.2 ವೋಲ್ಟಿನ ಆಸುಪಾಸು ತೋರಿಸಿದರೆ ಚಿಂತೆ ಇಲ್ಲ. ಅರ್ಧ ವೋಲ್ಟ್ ದಾಟಿತೋ, ತೊಂದರೆ ಅರ್ಥಿಂಗಿನಲ್ಲಿದೆ, ಹೊಸ ಬ್ಯಾಟರಿಯ ದುಡ್ಡು ಜೇಬಿನಲ್ಲೇ ಇಟ್ಟುಕೊಳ್ಳಿ. ಲೈಟಿಗೂ ಇದೇ ಉಪಾಯ, ಲೈಟ್ ಉರಿಯುತ್ತಿರುವಾಗ ಅದರ ಅರ್ಥಿಂಗ್ ಜಾಗಕ್ಕೆ ಕೆಂಪು ಕಡ್ಡಿ ಇಟ್ಟು ನೋಡಿ.

ತೋಟದ ಹಿರಿಯರೊಬ್ಬರು ಒಂದು ಹಳೇ ಪೆಟ್ರೋಲ್ ಕಾರು ತಂದಿದ್ದರು. ದೂರು ಸೆಲ್ಫ್‌ದಲ್ಲ, ಕ್ಲಚ್ ಕೇಬಲ್‌ದು. ಹಾಕಿಸಿದ ಸ್ವಲ್ಪ ದಿನಕ್ಕೇ ಹಿಡಿದುಕೊಳ್ಳುತ್ತಿತ್ತಂತೆ. ಮಾತಿನ ನಡುವೆ, "ಬೆಳಿಗ್ಗೆ ಥಂಡಿಗೆ ಸೆಲ್ಫೂ ಒಂಚೂರು ಸೋಮಾರಿ" ಅಂದರು. ಬಾನೆಟ್ ಎತ್ತಿ, ಸೆಲ್ಫ್ ಹೊಡೆಸಿ, ಕ್ಲಚ್ ಕೇಬಲ್ ಮುಟ್ಟಿದೆ. ಬಿಸಿ! ಇಂಜಿನ್ನಿನ ಅರ್ಥಿಂಗ್ ಪಟ್ಟಿ ಸತ್ತಿತ್ತು. ಸೆಲ್ಫ್ ಮೋಟಾರಿನ ಕರೆಂಟು ಬೇರೆ ದಾರಿ ಕಾಣದೆ ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿ ಹಿಡಿದು ಗಾಡಿಯ ತಗಡಿಗೆ ಬರುತ್ತಿತ್ತು. ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ತಂತಿಗೆ ಅಂಟಿತ್ತು.

ಪಟ್ಟಿಯ ಬೋಲ್ಟ್ ಬಿಚ್ಚಿದರೆ ವಾಷರಿನ ಕೆಳಗೆ ಹೊಳಪಾದ ಪೇಂಟು. ಯಾರೋ ಟಿಂಕರಿಂಗ್ ಮಾಡಿದವರು ಬೋಲ್ಟಿನ ಜಾಗಕ್ಕೂ ನೀಟಾಗಿ ಬಣ್ಣ ಹೊಡೆದು, ಅದರ ಮೇಲೇ ಪಟ್ಟಿಯ ತುದಿಯ ಲಗ್ ಕೂರಿಸಿದ್ದರು. ಕರೆಂಟು ಬೋಲ್ಟಿನ ಥ್ರೆಡ್ಡಿನಿಂದ ಅಷ್ಟಿಷ್ಟು ನುಸುಳುತ್ತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ತಗಡನ್ನು ಬೆಳ್ಳಗೆ ಮಾಡಿ, ಹೊಸ ಪಟ್ಟಿ ಹಾಕಿ, ಹಲ್ಲಿನ ವಾಷರ್ ಕೊಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ಜೆಲ್ಲಿ ಸವರುವುದು ಬೋಲ್ಟ್ ಬಿಗಿದ ಮೇಲೆ, ಮೊದಲಲ್ಲ.

"ಇಷ್ಟೇನೇನಪ್ಪಾ? ಒಂದು ಬೋಲ್ಟಿಗೆ ಇಷ್ಟು ದುಡ್ಡಾ?"

"ಬೋಲ್ಟಿಗಲ್ಲ ಗೌಡ್ರೇ, ಹುಡುಕಿದ್ದಕ್ಕೆ."

ನಕ್ಕು ಕೊಟ್ಟರು. ಮುಂದಿನ ಸಲ ಬಂದಾಗ ಒಂದು ಚೀಲ ಕಾಫಿ ಪುಡಿಯೂ ಬಂತು. ಇಂಥವರಿಂದಲೇ ಈ ಕೆಲಸ ಬೇಜಾರಾಗಲ್ಲ.

ಅರ್ಥಿಂಗ್ ಕೆಟ್ಟಿದೆ ಅನ್ನುವುದಕ್ಕೆ ಗುರುತುಗಳಿವೆ. ಬ್ರೇಕ್ ಒತ್ತಿದರೆ ಹಿಂದೆ ಇಂಡಿಕೇಟರ್ರೂ ಮಂಕಾಗಿ ಉರಿಯುತ್ತದೆಯಾ? ಬ್ರೇಕಿನ ಕರೆಂಟು ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗಲು ನೋಡುತ್ತಿದೆ ಅಂತ ಅರ್ಥ. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಜಿಗಿಯುತ್ತದೆಯಾ? ನೀರು ಕುದ್ದಿಲ್ಲ, ಗಾಬರಿ ಬೇಡ, ಆದರೆ ಒಂದ್ಸಲ ಕೂಲೆಂಟ್ ನೋಡಿಬಿಡಿ. ಹಗಲು ಸರಿ ಇದ್ದು, ಚಾರ್ಮಾಡಿಯ ಮಂಜಿನಲ್ಲಿ ಲೈಟು, ವೈಪರು, ಬ್ಲೋವರು ಒಟ್ಟಿಗೆ ಹಾಕಿದಾಗ ಮಾತ್ರ ಕೈಕೊಟ್ಟರೆ ಅದೂ ಹೆಚ್ಚಾಗಿ ಇದೇ ಕಥೆ.

ಎಲ್ಲವೂ ಅರ್ಥಿಂಗೇ ಅಂತ ನಾನು ಹೇಳುತ್ತಿಲ್ಲ. ಅರ್ಧ ಗಂಟೆ ಓಡಿ ಆಫ್ ಆಗಿ, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ರಿಲೇ ಒಳಗಿನ ಬೆಸುಗೆ ಬಿರುಕು ಬಿಟ್ಟಿರಬಹುದು, ಇಗ್ನಿಷನ್ ಕಾಯಿಲ್ ಇರಬಹುದು. ಬಾಗಿಲು ಅಥವಾ ಡಿಕ್ಕಿ ತೆಗೆದು ಹಾಕಿದಾಗ ಬದಲಾದರೆ ಕೀಲಿನ ಹತ್ತಿರದ ರಬ್ಬರ್ ಕೊಳವೆಯೊಳಗೆ ವೈರು ತುಂಡಾಗಿದೆ, ಮೇಲಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಮೊದಲು ಇಲಿ ಕಡಿದಿದೆಯಾ ನೋಡುತ್ತೇನೆ.

ಫ್ಯೂಸು ಆಗಾಗ ಹೋಗುತ್ತದೆ ಅಂದರೆ ದಪ್ಪ ಫ್ಯೂಸ್ ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಲೇಬೇಡಿ. ಫ್ಯೂಸ್ ಇರುವುದು ವೈರು ಸುಡಬಾರದು ಅಂತ. ನಾವು ಮಾಡುವುದೇನೆಂದರೆ, ಫ್ಯೂಸಿನ ಜಾಗದಲ್ಲಿ 21 ವಾಟಿನ ಬಲ್ಬನ್ನು ಎರಡು ವೈರಿನಲ್ಲಿ ಸಿಕ್ಕಿಸಿ, ಸ್ವಿಚ್ ಹಾಕಿ, ವೈರಿಂಗನ್ನು ಒಂದೊಂದೇ ಕಡೆ ಅಲ್ಲಾಡಿಸುತ್ತೇವೆ. ಶಾರ್ಟ್ ಆದ ಕ್ಷಣ ಬಲ್ಬು ಪೂರ್ತಿ ಬೆಳಗುತ್ತದೆ, ಏನೂ ಸುಡುವುದಿಲ್ಲ. ಕೈ ಎಲ್ಲಿತ್ತೋ ಅಲ್ಲೇ ತೊಂದರೆ.

ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಿತ್ತು ಡೈನಮೋ ಪರೀಕ್ಷಿಸುವ ಅಭ್ಯಾಸ ದಯವಿಟ್ಟು ಬಿಡಿ. ವೋಲ್ಟೇಜು ಒಮ್ಮೆಲೇ ಏರಿ ಇಸಿಎಂ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಇರುವ ಗಾಡಿಗೆ ದೊಡ್ಡ ಖರ್ಚು ಬರಬಹುದು. ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಬಂದರೆ ಡೈನಮೋ ಚಾರ್ಜ್ ಮಾಡುತ್ತಿದೆ, ಅಷ್ಟು ಸಾಕು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಹಳದಿ ಕನೆಕ್ಟರುಗಳಿಗೆ ಟೆಸ್ಟರ್ ಚುಚ್ಚಬೇಡಿ. ಅದು ಗೊತ್ತಿರುವವರ ಕೆಲಸ.

ಗಾಡಿ ತರುವ ಮುಂಚೆ ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ತೊಂದರೆ ಬಂದಾಗ ಮಳೆ ಇತ್ತಾ, ಇಂಜಿನ್ ಬಿಸಿ ಇತ್ತಾ, ಗುಂಡಿಗೆ ಬಿದ್ದಿತ್ತಾ, ಏನೇನು ಆನ್ ಆಗಿತ್ತು. ಇನ್ನೊಂದು, ಎಲೆಕ್ಟ್ರಿಕಲ್ ಕೆಲಸಕ್ಕೆ ಬರುವಾಗ ಮರ್ಯಾದೆಗೆ ಅಂತ ವಾಟರ್ ಸರ್ವಿಸ್ ಮಾಡಿಸಿಕೊಂಡು ಬರಬೇಡಿ. ನೀರು ಎಲ್ಲಿಂದ ಇಳಿದಿದೆ ಅನ್ನುವ ಕೆಸರಿನ ಗೆರೆ ತೊಳೆದುಹೋಗುತ್ತದೆ, ಜೊತೆಗೆ ಒಣಗಿದ್ದ ಕನೆಕ್ಟರಿಗೂ ನೀರು ನುಗ್ಗುತ್ತದೆ. ಕೆಸರಾಗಿಯೇ ತನ್ನಿ, ತೊಳೆಯುವುದು ಆಮೇಲೆ ನೋಡೋಣ.